ಕೊಳವೆ ಏಕೆ ಸಡಿಲುತ್ತದೆ? ಹಗ್ಗ ಏಕೆ ಜೋಲುತ್ತದೆ?

ಹನಿ ನೀರಾವರಿ ಅಳವಡಿಸಿದ ಕಬ್ಬು ಬೆಳೆಗಾರರಿಂದ ಮೇಲಿಂದ ಮೇಲೆ ಕೇಳಿಬರುವ ದೂರು ಒಂದುಂಟು. ಜೋಡಿಸಿದ ದಿನ ಇಬ್ಬರು ಹಿಡಿದು ಎಳೆದರೂ ಬಾರದಷ್ಟು ಬಿಗಿಯಾಗಿದ್ದ ಲ್ಯಾಟರಲ್ ಕೊಳವೆ, ಒಂದು ಬೇಸಿಗೆ ಕಳೆಯುವುದರೊಳಗೆ ತಾನಾಗಿಯೇ ಕಳಚಿಕೊಳ್ಳುತ್ತದೆ. ಮೂರು ಫೇಸ್ ವಿದ್ಯುತ್ತು ರಾತ್ರಿಯ ಪಾಳಿಯಲ್ಲಿ ಬಂದರಂತೂ ಕೇಳುವುದೇ ಬೇಡ. ಪಂಪು ತನ್ನಷ್ಟಕ್ಕೆ ನಡೆದಿರುತ್ತದೆ, ರೈತ ಮನೆಯಲ್ಲಿ ಮಲಗಿರುತ್ತಾನೆ. ಬೆಳಿಗ್ಗೆ ಹೋಗಿ ನೋಡಿದರೆ ಹೊಲದ ಒಂದು ಮೂಲೆಯಲ್ಲಿ ಮೊಣಕಾಲುದ್ದ ಕೆಸರು, ಸಾಲಿನ ತುದಿಯ ಕಬ್ಬಿಗೆ ಮಾತ್ರ ಒಂದು ಹನಿ ನೀರೂ ಮುಟ್ಟಿರುವುದಿಲ್ಲ.

ಇಂಥ ಸಂದರ್ಭದಲ್ಲಿ ತಪ್ಪನ್ನು ಜೋಡಿಸಿದವರ ಮೇಲೋ ಮಾರಿದವರ ಮೇಲೋ ಹೊರಿಸುವುದು ವಾಡಿಕೆ. ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ಆದರೆ ಸಾಮಾನು ಉತ್ತಮವಿದ್ದು ಜೋಡಣೆ ಸರಿಯಿದ್ದರೂ ದಿನಗಳೆದಂತೆ ಬಿಗಿತ ಕಡಿಮೆಯಾಗುವುದು ಪ್ಲಾಸ್ಟಿಕ್ಕಿನ ಹುಟ್ಟುಗುಣ. ಎಷ್ಟು ಬೇಗ ಸಡಿಲುತ್ತದೆ, ಎಷ್ಟರ ಮಟ್ಟಿಗೆ ಸಡಿಲುತ್ತದೆ ಎಂಬುದನ್ನು ಅದರೊಳಗಿನ ಅಣುಗಳ ರಚನೆ ನಿರ್ಧರಿಸುತ್ತದೆ. ಬೈಲಹೊಂಗಲ ಮತ್ತು ಕಿತ್ತೂರು ಉತ್ತರದ ಅರೆಮಲೆನಾಡಿನ ಸೆರಗಿಗೆ ಸೇರಿದವು. ಸವದತ್ತಿ, ರಾಮದುರ್ಗಗಳು ಉತ್ತರದ ಒಣ ವಲಯದವು. ಮಲಪ್ರಭೆಯ ದಂಡೆಯ ಈ ನಾಲ್ಕೂ ತಾಲ್ಲೂಕುಗಳಲ್ಲಿ ಇಂದು ಪ್ಲಾಸ್ಟಿಕ್ ಮುಟ್ಟದ ಹೊಲ ಸಿಗುವುದು ಕಷ್ಟ. ಕೊಳವೆ, ಹಗ್ಗ, ಚೀಲ, ಕೃಷಿ ಹೊಂಡದ ಹಾಳೆ, ಹೊದಿಕೆ ಹಾಳೆ ಹೀಗೆ ಒಂದಲ್ಲ ಒಂದು ರೂಪದಲ್ಲಿ ಅದು ಇದ್ದೇ ಇದೆ. ಬೀಜದ ಗುಣ ತಿಳಿಯದೆ ಬಿತ್ತುವವರಲ್ಲ ತಾವು. ಈ ಸಾಮಾನುಗಳ ಗುಣವನ್ನೂ ಸ್ವಲ್ಪ ತಿಳಿದುಕೊಂಡರೆ ಹಣ ಮತ್ತು ನೀರು ಎರಡೂ ಉಳಿಯುತ್ತವೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಸಾಮಾನ್ಯ ಪಾಲಿಥೀನ್ ಹಾಳೆಯಿಂದ ಎರಡು ಬೆರಳು ಅಗಲದ ಪಟ್ಟಿಯನ್ನು ಕತ್ತರಿಸಿರಿ. ಅಷ್ಟೇ ಅಗಲದ ಇನ್ನೊಂದು ಪಟ್ಟಿಯನ್ನು ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿರಿ. ಪ್ರತಿಯೊಂದರ ಒಂದು ತುದಿಯನ್ನು ಗೋಡೆಯ ಮೊಳೆಗೆ ಕಟ್ಟಿ, ಇನ್ನೊಂದು ತುದಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಸ್ವಲ್ಪ ಎಳೆದು, ತಕ್ಕಡಿಯನ್ನು ಎರಡನೆಯ ಮೊಳೆಗೆ ನೇತುಹಾಕಿರಿ. ಈಗ ಮುಳ್ಳನ್ನು ಗಮನಿಸಿರಿ. ಪಾಲಿಥೀನ್ ಪಟ್ಟಿಗೆ ಕಟ್ಟಿದ ತಕ್ಕಡಿಯ ಮುಳ್ಳು ನೋಡನೋಡುತ್ತಿದ್ದಂತೆ ಇಳಿಯತೊಡಗುತ್ತದೆ. ಮೊದಲ ಕೆಲವು ನಿಮಿಷಗಳಲ್ಲಿ ಬೇಗನೆ ಇಳಿದು, ಆಮೇಲೆ ನಿಧಾನವಾಗಿ ಮರುದಿನವೂ ಇಳಿಯುತ್ತಲೇ ಇರುತ್ತದೆ. ಟ್ಯೂಬಿನ ಪಟ್ಟಿಯಾದರೋ ಅಲ್ಪಸ್ವಲ್ಪ ಇಳಿದು ನಿಂತುಬಿಡುತ್ತದೆ.

ಹೀಗೆ ಎಳೆದು ಹಿಡಿದ ವಸ್ತುವಿನಲ್ಲಿ ಎಳೆತದ ಬಲ ಕಾಲಕ್ರಮದಲ್ಲಿ ಕುಗ್ಗುವುದನ್ನು ವಿಜ್ಞಾನಿಗಳು ರಿಲ್ಯಾಕ್ಸೇಶನ್ ಎನ್ನುತ್ತಾರೆ. ನಾವು ಇದನ್ನು ಬಿಗಿತದ ಸಡಿಲಿಕೆ ಎನ್ನೋಣ. ಇದರ ಜೋಡಿ ಗುಣ ಇನ್ನೊಂದಿದೆ. ಪಟ್ಟಿಗೆ ಒಂದೇ ಭಾರವನ್ನು ತೂಗುಹಾಕಿ ಬಿಟ್ಟರೆ ಅದು ದಿನದಿನಕ್ಕೆ ಉದ್ದವಾಗುತ್ತ ಹೋಗುತ್ತದೆ. ಹಗ್ಗ ಜೋಲುವುದು ಇದರಿಂದಲೇ. ಎರಡರ ಬೇರೂ ಒಂದೇ.

ಅಣುಗಳ ಸರಪಳಿ

ಪ್ಲಾಸ್ಟಿಕ್, ರಬ್ಬರು, ಹತ್ತಿ, ನೈಲಾನ್ ಇವೆಲ್ಲ ಪಾಲಿಮರ್ ಎಂಬ ಒಂದೇ ವರ್ಗಕ್ಕೆ ಸೇರಿದವು. ಚಿಕ್ಕ ಅಣುಗಳು ಕೊಂಡಿಗೆ ಕೊಂಡಿ ಸೇರಿ ಆದ ಉದ್ದನೆಯ ಸರಪಳಿಗಳೇ ಪಾಲಿಮರ್‌ಗಳು. ಈ ವಿಚಾರವನ್ನು 1920ರಲ್ಲಿ ಮಂಡಿಸಿದವರು ಜರ್ಮನಿಯ ಹರ್ಮನ್ ಸ್ಟೌಡಿಂಗರ್. ಅಷ್ಟು ದೊಡ್ಡ ಅಣು ಇರುವುದು ಸಾಧ್ಯವೇ ಇಲ್ಲವೆಂದು ಆ ಕಾಲದ ಅನೇಕ ಪಂಡಿತರು ವಾದಿಸಿದರು. 1953ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಪಾಲಿಥೀನ್ ಸರಪಳಿಯ ಒಂದೊಂದು ಕೊಂಡಿಯೂ ಎಥಿಲೀನ್ ಎಂಬ ಅನಿಲದ ಅಣು. ಅಣುತೂಕ ಒಂದು ಲಕ್ಷವಿರುವ ಸರಪಳಿಯಲ್ಲಿ ಇಂಥ ಸುಮಾರು 3,500 ಕೊಂಡಿಗಳಿರುತ್ತವೆ. ಅದನ್ನು ನೇರವಾಗಿ ಎಳೆದು ಹಿಡಿದರೂ ಉದ್ದ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಕಡಿಮೆಯೇ. ಆದರೆ ಅದರ ದಪ್ಪಕ್ಕೆ ಹೋಲಿಸಿ ನೋಡಿರಿ. ಸರಪಳಿಯು ಒಂದು ಸೆಂಟಿಮೀಟರ್ ದಪ್ಪದ ಹಗ್ಗವೆಂದು ಭಾವಿಸಿದರೆ ಅದರ ಉದ್ದ ಸುಮಾರು 20 ಮೀಟರ್, ಅಂದರೆ ಬಾವಿಯ ಹಗ್ಗದಷ್ಟು ಆಗುತ್ತದೆ. ಇಂಥ ಕೋಟ್ಯಂತರ ಹಗ್ಗಗಳನ್ನು ಒಂದೇ ಕೋಣೆಯಲ್ಲಿ ಅಡ್ಡಾದಿಡ್ಡಿಯಾಗಿ ತುಂಬಿದರೆ ಹೇಗೋ ಹಾಗಿರುತ್ತದೆ ಪ್ಲಾಸ್ಟಿಕ್ಕಿನ ಒಳಭಾಗ. ವ್ಯತ್ಯಾಸವಿಷ್ಟೆ: ಈ ಹಗ್ಗಗಳು ಸುಮ್ಮನೆ ಬಿದ್ದಿರುವುದಿಲ್ಲ. ಉಷ್ಣತೆಯ ಬಲದಿಂದ ಸದಾ ಅಲುಗಾಡುತ್ತಿರುತ್ತವೆ.

ಕೊಳವೆಯನ್ನು ಎಳೆದಾಗ ಸುರುಳಿಗೊಂಡ ಸರಪಳಿಗಳು ಒಂದು ದಿಕ್ಕಿಗೆ ಚಾಚಿಕೊಳ್ಳುತ್ತವೆ. ಚಾಚಿದ ಸರಪಳಿ ಮತ್ತೆ ಸುರುಳಿಯಾಗಲು ಹವಣಿಸುತ್ತದೆ. ನಮ್ಮ ಕೈಗೆ ಬಿಗಿತವೆಂದು ತಿಳಿಯುವುದರಲ್ಲಿ ಈ ಹವಣಿಕೆಯದು ದೊಡ್ಡ ಪಾಲು. ಅಲುಗಾಡುತ್ತ ಅಲುಗಾಡುತ್ತ ಸರಪಳಿಗಳು ಒಂದರ ಪಕ್ಕದಿಂದ ಇನ್ನೊಂದು ಜಾರಿ, ಎಳೆದ ಸ್ಥಿತಿಯಲ್ಲೇ ತಮಗೆ ಅನುಕೂಲವಾದ ಹೊಸ ಸುರುಳಿಯನ್ನು ಕಂಡುಕೊಂಡರೆ ಹಿಂದಕ್ಕೆ ಎಳೆಯುವ ಬಲವೇ ಉಳಿಯುವುದಿಲ್ಲ. ಅದೇ ಸಡಿಲಿಕೆ. ಜಾರುವುದು ಸುಲಭವಾದರೆ ಸಡಿಲಿಕೆ ಬೇಗ. ಜಾರಲು ಅಡ್ಡಿಯಿದ್ದರೆ ತಡ. ಜಾರಲು ದಾರಿಯೇ ಇಲ್ಲದಿದ್ದರೆ ಬಿಗಿತ ಉಳಿಯುತ್ತದೆ.

ಉದ್ದ, ಕವಲು, ಗಂಟು

ಸರಪಳಿ ಉದ್ದವಾದಷ್ಟೂ ಜಾರುವುದು ಕಷ್ಟ. ಸುತ್ತಲಿನ ಸರಪಳಿಗಳ ಸಿಕ್ಕಿನಲ್ಲಿ ಸಿಲುಕಿದ ಒಂದು ಸರಪಳಿ ಅಡ್ಡಕ್ಕೆ ಸರಿಯಲಾರದು. ಬಣವೆಯ ಹುಲ್ಲಿನೊಳಗೆ ಹಾವು ಹರಿದಂತೆ ತನ್ನ ಉದ್ದಕ್ಕೇ ಹರಿದು ಹೊರಬರಬೇಕು. ಫ್ರಾನ್ಸಿನ ಭೌತವಿಜ್ಞಾನಿ ಪಿಯರ್-ಜಿಲ್ ದ ಜೆನ್ 1971ರಲ್ಲಿ ಈ ಹಾವಿನ ನಡೆಯನ್ನೇ ಗಣಿತಕ್ಕೆ ಇಳಿಸಿದರು. 1991ರಲ್ಲಿ ಅವರೂ ನೊಬೆಲ್ ಪಾರಿತೋಷಕ ಪಡೆದರು. ಅವರ ಲೆಕ್ಕದಂತೆ ಸರಪಳಿಯ ಉದ್ದ ಎರಡು ಪಟ್ಟಾದರೆ ಸಡಿಲಲು ಬೇಕಾದ ಕಾಲ ಎಂಟು ಪಟ್ಟಾಗುತ್ತದೆ. ಕರಗಿದ ಪಾಲಿಮರ್‌ಗಳ ಮೇಲೆ ಅಳೆದು ನೋಡಿದಾಗ ಸುಮಾರು ಹತ್ತು ಪಟ್ಟು ಕಂಡುಬರುತ್ತದೆ. ಸರಪಳಿಗೆ ಉದ್ದನೆಯ ಕವಲುಗಳಿದ್ದರೆ ಹಾವಿನ ನಡೆಯೂ ಸಾಗದು. ಜಾಲಿಯ ಟೊಂಗೆಯನ್ನು ಬಣವೆಯೊಳಗಿನಿಂದ ಎಳೆದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ರಬ್ಬರಿನ ವಿಷಯ. ಹಸಿ ರಬ್ಬರಿನ ಸರಪಳಿಗಳೂ ಜಾರುತ್ತವೆ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದಾಗ ಸರಪಳಿ ಸರಪಳಿಗಳ ನಡುವೆ ಗಂಧಕದ ಗಂಟುಗಳು ಬಿದ್ದವು. ಮೀನಿನ ಬಲೆಯಂತೆ ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡ ಮೇಲೆ ಯಾವ ಎಳೆಯೂ ಪೂರ್ತಿ ಜಾರಿಹೋಗಲಾರದು. ಸೈಕಲ್ ಟ್ಯೂಬಿನ ಪಟ್ಟಿ ಪರೀಕ್ಷೆಯಲ್ಲಿ ಬಿಗಿತ ಉಳಿಸಿಕೊಂಡದ್ದು ಈ ಗಂಟುಗಳ ಬಲದಿಂದ. ನಮ್ಮ ರೈತರು ಸೋರುವ ಕೊಳವೆಯ ಸಂದಿಗೆ ಟ್ಯೂಬಿನ ಪಟ್ಟಿ ಸುತ್ತುವುದು ಅನುಭವದಿಂದ ಬಂದ ಜಾಣತನ. ಆದರೆ ಸಾಮಾನ್ಯ ರಬ್ಬರಿನ ಸರಪಳಿಯಲ್ಲಿ ಜೋಡಿಬಂಧಗಳೆಂಬ ದುರ್ಬಲ ತಾಣಗಳಿವೆ. ಬಿಸಿಲು ಮತ್ತು ಗಾಳಿಯಲ್ಲಿನ ಓಝೋನ್ ಅಲ್ಲಿಗೇ ಬಾಯಿ ಹಾಕುವುದರಿಂದ ಪಟ್ಟಿ ಬಿರುಕು ಬಿಡುತ್ತದೆ. ಇ.ಪಿ.ಡಿ.ಎಂ. ಎಂಬ ಬಗೆಯ ರಬ್ಬರಿನ ಮುಖ್ಯ ಸರಪಳಿಯಲ್ಲಿ ಈ ತಾಣಗಳಿಲ್ಲ. ಬಿಸಿಲಿಗೆ ಬೀಳುವ ವಾಶರ್ ಮತ್ತು ಗ್ರೊಮೆಟ್‌ಗಳನ್ನು ಕೊಳ್ಳುವಾಗ ಇದನ್ನೇ ಕೇಳಿ ಪಡೆಯುವುದು ಒಳ್ಳೆಯದು.

ಪಾಲಿಥೀನ್‌ನಲ್ಲೇ ಮೂರು ಬಗೆ

1933ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ ಅತಿ ಹೆಚ್ಚಿನ ಒತ್ತಡದಲ್ಲಿ ಮೊದಲ ಬಾರಿಗೆ ತಯಾರಾದ ಪಾಲಿಥೀನ್ ಇಂದು ಎಲ್.ಡಿ.ಪಿ.ಇ. ಎಂಬ ಹೆಸರಿನಲ್ಲಿದೆ. ಅದರ ಸರಪಳಿಗೆ ಗಿಡ್ಡ ಕವಲುಗಳೂ ಉಂಟು, ಉದ್ದ ಕವಲುಗಳೂ ಉಂಟು. 1953ರಲ್ಲಿ ಕಾರ್ಲ್ ಝೀಗ್ಲರ್ ಕಂಡುಹಿಡಿದ ವಿಧಾನದಿಂದ ಹೆಚ್ಚುಕಡಿಮೆ ಕವಲಿಲ್ಲದ ನೇರ ಸರಪಳಿಯ ಎಚ್.ಡಿ.ಪಿ.ಇ. ಬಂದಿತು. ನೇರ ಸರಪಳಿಗೆ ಬೇಕೆಂದೇ ಗಿಡ್ಡ ಕವಲುಗಳನ್ನು ಕೂಡಿಸಿದ ಮೂರನೆಯ ಬಗೆ ಎಲ್.ಎಲ್.ಡಿ.ಪಿ.ಇ. ಮೂರಕ್ಕೂ ಮೂಲವಸ್ತು ಒಂದೇ; ಗುಣ ಮಾತ್ರ ಬೇರೆ ಬೇರೆ.

ಕಾರಣ ಹೀಗಿದೆ. ಪಾಲಿಥೀನ್ ಗಟ್ಟಿಯಾಗುವಾಗ ಸರಪಳಿಯ ಕೆಲವು ಭಾಗಗಳು ಜೋಳದ ಸೂಡಿನಂತೆ ಅಚ್ಚುಕಟ್ಟಾಗಿ ಜೋಡಿಕೊಂಡು ಹರಳುಗಳಾಗುತ್ತವೆ. ಉಳಿದ ಭಾಗ ಕಟ್ಟದೆ ಬಿಟ್ಟ ಕಣಿಕೆಯಂತೆ ಸೂಡುಗಳ ನಡುವೆ ಅಸ್ತವ್ಯಸ್ತವಾಗಿ ಬಿದ್ದಿರುತ್ತದೆ. ಈ ಅಸ್ತವ್ಯಸ್ತ ಭಾಗ ಮರಗಟ್ಟಬೇಕಾದರೆ ಶೂನ್ಯಕ್ಕಿಂತ 100 ಡಿಗ್ರಿ ಕೆಳಗಿನ ಚಳಿ ಬೇಕು. ನಮ್ಮ ಹೊಲದ ಉಷ್ಣತೆಯಲ್ಲಿ ಅದು ಯಾವಾಗಲೂ ಚಲಿಸುತ್ತಲೇ ಇರುತ್ತದೆ. ಕವಲು ಹೆಚ್ಚಿದ್ದಲ್ಲಿ ಸೂಡು ಕಟ್ಟಲು ಬರುವುದಿಲ್ಲವಾದ್ದರಿಂದ ಎಲ್.ಡಿ.ಪಿ.ಇ. ಮೆತ್ತಗೆ, ಬೇಗ ಸಡಿಲುವಂಥದು. ನೇರ ಸರಪಳಿಯ ಎಚ್.ಡಿ.ಪಿ.ಇ.ಯಲ್ಲಿ ಸೂಡುಗಳೇ ಹೆಚ್ಚು. ಅದು ಗಡುಸು, ಒತ್ತಡ ತಾಳುವಂಥದು. ಆದರೆ ಅದಕ್ಕೂ ಒಂದು ಕುಂದಿದೆ. ಕವಲಿಲ್ಲದ ಸರಪಳಿ ಬಹುಕಾಲದ ಎಳೆತಕ್ಕೆ ಸಿಕ್ಕರೆ ಸೂಡಿನೊಳಗಿನಿಂದಲೇ ಮೆಲ್ಲನೆ ಜಾರಿ ಹೊರಬರುತ್ತದೆ. ಗೀರು ಬಿದ್ದಲ್ಲಿ, ಮಡಿಕೆಯಲ್ಲಿ ಹೀಗಾದರೆ ವರ್ಷಗಳ ಮೇಲೆ ಬಿರುಕು ಕಾಣಿಸಿಕೊಳ್ಳುತ್ತದೆ. ಎಲ್.ಎಲ್.ಡಿ.ಪಿ.ಇ.ಯ ಗಿಡ್ಡ ಕವಲುಗಳು ಈ ಜಾರುವಿಕೆಗೆ ಮುಳ್ಳಿನಂತೆ ಅಡ್ಡಬರುತ್ತವೆ. ಅಲ್ಲದೆ ಒಂದು ಸೂಡಿನಿಂದ ಇನ್ನೊಂದಕ್ಕೆ ಹಾಯ್ದ ಸೇತುವೆಯಂಥ ಸರಪಳಿಗಳೂ ಅದರಲ್ಲಿ ಹೆಚ್ಚು. ಸುತ್ತಿ ಬಿಚ್ಚಿ ಎಳೆದಾಡುವ ಹನಿ ನೀರಾವರಿ ಲ್ಯಾಟರಲ್‌ಗಳಿಗೆ ಇದು ಒಪ್ಪುವುದು ಈ ಕಾರಣದಿಂದಲೇ.

ಪಿ.ವಿ.ಸಿ.ಯ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲಕ್ಕೆ ದಪ್ಪನೆಯ ಕ್ಲೋರಿನ್ ಪರಮಾಣು ಅಂಟಿಕೊಂಡಿದೆ. ಸರಪಳಿಗಳು ಒಂದನ್ನೊಂದು ಬಲವಾಗಿ ಸೆಳೆಯುತ್ತವೆ, ಹೊರಳಲು ಜಾಗವೂ ಇಲ್ಲ. ಸುಮಾರು 80 ಡಿಗ್ರಿ ಸೆಂಟಿಗ್ರೇಡಿನವರೆಗೆ ಅವು ಮರಗಟ್ಟಿಕೊಂಡೇ ಇರುತ್ತವೆ. ಆದ್ದರಿಂದ ನೆಲದೊಳಗಿನ ಪಿ.ವಿ.ಸಿ. ಕೊಳವೆ ಹಲವು ವರ್ಷ ಆಕಾರ ಬಿಡುವುದಿಲ್ಲ. ಆದರೆ ಅದರ ಒತ್ತಡದ ದರ್ಜೆಯನ್ನು ಭಾರತೀಯ ಮಾನಕ 4985ರಲ್ಲಿ ನಿಗದಿಪಡಿಸಿರುವುದು 27 ಡಿಗ್ರಿ ಉಷ್ಣತೆಗೆ ಎಂಬುದನ್ನು ಮರೆಯಬಾರದು. ಏಪ್ರಿಲ್ ತಿಂಗಳಲ್ಲಿ ಎರೆಹೊಲದ ಬದುವಿನ ಮೇಲೆ ಬಯಲಿಗೆ ಬಿದ್ದ ಕೊಳವೆ ಅದಕ್ಕಿಂತ ಬಹಳ ಬಿಸಿಯಾಗಿರುತ್ತದೆ. ಆಗ ಅಚ್ಚು ಹಾಕಿದ ದರ್ಜೆಯ ಪೂರ್ಣ ಒತ್ತಡವನ್ನು ಅದರಿಂದ ನಿರೀಕ್ಷಿಸುವುದು ಸರಿಯಲ್ಲ.

ಎಚ್.ಡಿ.ಪಿ.ಇ. ಕೊಳವೆಯ ಮೇಲೆ ಪಿ.ಇ. 63, ಪಿ.ಇ. 80, ಪಿ.ಇ. 100 ಎಂದು ಅಚ್ಚಾಗಿರುವುದನ್ನು ತಾವು ನೋಡಿರಬಹುದು. ದೊಡ್ಡ ಅಂಕಿ ಎಂದರೆ ದಪ್ಪ ಕೊಳವೆ ಎಂದು ಹಲವರು ತಿಳಿಯುತ್ತಾರೆ. ಅದು ಹಾಗಲ್ಲ. 20 ಡಿಗ್ರಿ ಉಷ್ಣತೆಯಲ್ಲಿ 50 ವರ್ಷ ಸತತ ಒತ್ತಡದಲ್ಲಿದ್ದರೂ ಕೊಳವೆಯ ಗೋಡೆ ತಾಳಬೇಕಾದ ಕನಿಷ್ಠ ಎಳೆತವನ್ನು ಆ ಅಂಕಿ ಸೂಚಿಸುತ್ತದೆ. ಅಂದರೆ ತಯಾರಕರು ಅಳೆಯುವುದು ಮೊದಲ ದಿನದ ಬಲವನ್ನಲ್ಲ, ಸರಪಳಿಗಳು ಐವತ್ತು ವರ್ಷ ಜಾರಿದ ಮೇಲೆ ಉಳಿಯುವ ಬಲವನ್ನು. ಕೊಳ್ಳುವ ನಾವು ಮಾತ್ರ ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ ತೃಪ್ತರಾಗುತ್ತೇವೆ!

ನಮ್ಮ ಹತ್ತಿಯೂ ಇದೇ ಕುಲದ್ದು

ಬೈಲಹೊಂಗಲದ ಪೇಟೆಗೆ ಬರುವ ಹತ್ತಿ ಕೂಡ ಪಾಲಿಮರ್ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಅದರ ಸೆಲ್ಯುಲೋಸ್ ಸರಪಳಿಯ ಕೊಂಡಿ ಗ್ಲೂಕೋಸ್ ಸಕ್ಕರೆಯ ಉಂಗುರ. ಇಂಥ ಸಾವಿರಾರು ಉಂಗುರಗಳು ಸಾಲಾಗಿ ಸೇರಿರುತ್ತವೆ. ಇಲ್ಲಿ ಒಂದು ಗೊಂದಲ ಬೇಡ. ಎಳೆಯ ಉದ್ದ ಬೇರೆ, ಸರಪಳಿಯ ಉದ್ದ ಬೇರೆ. ಗಿಡ್ಡ ಎಳೆಯ ಜಯಧರ, ಧಾರವಾಡದಲ್ಲಿ ಸಿದ್ಧವಾಗಿ 1981ರಲ್ಲಿ ಬಿಡುಗಡೆಯಾದ ನೀಳ ಎಳೆಯ ಡಿ.ಸಿ.ಎಚ್. 32, ಎರಡೂ ಒಂದೇ ಸೆಲ್ಯುಲೋಸಿನಿಂದಾದವು.

ಉಂಗುರದ ಕೊಂಡಿ ಸುಲಭವಾಗಿ ಬಾಗದು. ಮೇಲಾಗಿ ಅಕ್ಕಪಕ್ಕದ ಸರಪಳಿಗಳು ಹೈಡ್ರೋಜನ್ ಬಂಧಗಳಿಂದ ಕೈಕೈ ಹಿಡಿದುಕೊಂಡಿರುತ್ತವೆ. ಒಣಗಿದ ಹತ್ತಿ ಪುಟಿದೇಳುವುದು ಇದರಿಂದ. ನೀರು ಸೋಕಿದರೆ ನೀರಿನ ಅಣುಗಳು ನಡುವೆ ನುಗ್ಗಿ ಆ ಕೈಗಳನ್ನು ಬಿಡಿಸುತ್ತವೆ. ಸರಪಳಿ ಜಾರಿ ಹೊಸ ಸ್ಥಾನಕ್ಕೆ ಬರುತ್ತದೆ. ಒಣಗಿದ ಮೇಲೆ ಅಲ್ಲಿಯೇ ಮತ್ತೆ ಕೈ ಹಿಡಿಯುತ್ತದೆ. ಇಸ್ತ್ರಿ ಮಾಡುವವರು ಅಂಗಿಗೆ ನೀರು ಚಿಮುಕಿಸುವುದು ಇದಕ್ಕೇ. ರಾಮದುರ್ಗದ ಕೈಮಗ್ಗದ ನೇಕಾರರು ಹಾಸಿನ ನೂಲಿಗೆ ಗಂಜಿ ಕೊಡುತ್ತಾರೆ, ಮಗ್ಗದ ಮನೆಯ ಗಾಳಿ ತೀರ ಒಣಗದಂತೆ ನೋಡಿಕೊಳ್ಳುತ್ತಾರೆ. ಒಣ ನೂಲು ಎಳೆತಕ್ಕೆ ಮಣಿಯದೆ ತುಂಡಾಗುತ್ತದೆಂಬುದು ಅವರು ಅಣುಶಾಸ್ತ್ರ ಓದದೆ ತಿಳಿದ ಸಂಗತಿ.

ಜಿನ್ನಿನಲ್ಲಿ ಅರಳೆಯನ್ನು ಒತ್ತಿ 170 ಕಿಲೋ ತೂಕದ ಬೇಲು ಕಟ್ಟುವಾಗಲೂ ಇದೇ ನಿಯಮ. ಹದವಾದ ತೇವವಿರುವ ಅರಳೆ ಕಡಿಮೆ ಬಲಕ್ಕೇ ಒತ್ತಿಕೊಳ್ಳುತ್ತದೆ, ಪಟ್ಟಿಗಳ ಮೇಲೆ ಅದರ ಮರುಪುಟಿತವೂ ಕಡಿಮೆ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ಒಣ ತೂಕದ ನೂರಕ್ಕೆ ಸುಮಾರು 8.5ರಷ್ಟು ತೇವವನ್ನು ತಾನಾಗಿಯೇ ಹಿಡಿದಿಟ್ಟುಕೊಳ್ಳುತ್ತದೆ. ಇದನ್ನು ಓದಿ ಯಾರೂ ಅಂಡಿಗೆಗೆ ನೀರು ಹೊಡೆಯಲು ಹೋಗಬಾರದು. ಹಾಗೆ ಮಾಡಿದ ಹತ್ತಿ ಬೂಸುರು ಹಿಡಿದು ಬಣ್ಣಗೆಡುತ್ತದೆ, ದರವೂ ಬೀಳುತ್ತದೆ.

ಯಾವ ಕೆಲಸಕ್ಕೆ ಯಾವ ಹಗ್ಗ?

ಪುಂಡಿ ನಾರಿನ ಹಗ್ಗ ಮಳೆಯಲ್ಲಿ ನೆನೆದರೆ ಬಿಗಿಯುತ್ತದೆ, ನೈಲಾನ್ ಹಗ್ಗ ನೆನೆದರೆ ಜೋಲುತ್ತದೆ. ಎರಡೂ ನೀರು ಕುಡಿಯುತ್ತವೆಯಾದರೂ ಹೀಗಾಗುವುದು ಏಕೆ? ಪುಂಡಿಯ ನಾರು ನೀರುಂಡು ದಪ್ಪವಾದಾಗ ಹುರಿ ಬಿಗಿದು ಹಗ್ಗ ಗಿಡ್ಡವಾಗುತ್ತದೆ. ನೈಲಾನಿನ ಸರಪಳಿಗಳ ನಡುವೆಯೂ ಹೈಡ್ರೋಜನ್ ಬಂಧಗಳಿವೆ. ನೀರು ಅವನ್ನು ಬಿಡಿಸಿದಾಗ ಒಣಗಿದ್ದಾಗ ಮರಗಟ್ಟಿದ್ದ ಭಾಗಗಳು ಚಲಿಸತೊಡಗಿ ಹಗ್ಗ ಮೆತ್ತಗಾಗುತ್ತದೆ. ಅಗ್ಗವಾಗಿ ಸಿಗುವ ಪಾಲಿಪ್ರೊಪಿಲೀನ್ ಹಗ್ಗ ನೀರು ಹೀರುವುದಿಲ್ಲ. ಆದರೆ ಅದರ ಅಸ್ತವ್ಯಸ್ತ ಭಾಗ ನಮ್ಮ ಹವೆಯಲ್ಲಿ ಸದಾ ಸಡಿಲವಾಗಿದ್ದು, ಎಳೆತದಲ್ಲಿಟ್ಟರೆ ದಿನೇ ದಿನೇ ಉದ್ದವಾಗುತ್ತದೆ. ಪಾಲಿಯೆಸ್ಟರ್ ಸರಪಳಿಯಲ್ಲಿ ಬೆಂಜೀನಿನ ಗಟ್ಟಿ ಉಂಗುರಗಳಿರುವುದರಿಂದ ಸುಮಾರು 70 ಡಿಗ್ರಿಯವರೆಗೆ ಅದು ಹೊರಳುವುದಿಲ್ಲ.

ದನ ಕಟ್ಟಲು, ಹಗುರವಾದ ಹೊರೆ ಬಿಗಿಯಲು ಪಾಲಿಪ್ರೊಪಿಲೀನ್ ಸಾಕು. ಕಬ್ಬು ಹೇರಿದ ಟ್ರಾಲಿಗೆ ಈ ಹಗ್ಗ ಬಿಗಿದು ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಹೊರಟರೆ ದಾರಿಯಲ್ಲಿ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯಲೇಬೇಕು. ಹೇರು ತಾನೂ ಇಳಿದಿರುತ್ತದೆ, ಹಗ್ಗವೂ ಬಿಟ್ಟಿರುತ್ತದೆ. ಟೊಮೆಟೊ, ಹೀರೆ, ಹಾಗಲ ಬಳ್ಳಿಗಳ ಚಪ್ಪರಕ್ಕೆ ತಿಂಗಳುಗಟ್ಟಲೆ ಭಾರ ಹೊರುವ ಎಳೆ ಬೇಕಾದಲ್ಲಿ ಪಾಲಿಯೆಸ್ಟರ್ ತಂತಿ ಅಥವಾ ಜಿ.ಐ. ತಂತಿಯೇ ಸರಿ. ಮೊದಲಿಗೆ ತುಸು ಹೆಚ್ಚು ಖರ್ಚಾದರೂ ಕಾಯಿ ತುಂಬಿದ ಹೊತ್ತಿನಲ್ಲಿ ಚಪ್ಪರ ನೆಲ ಮುಟ್ಟುವುದಿಲ್ಲ.

ಹೊಲದಲ್ಲಿ ಜೋಡಿಸುವಾಗ

ಈಗ ಮೊದಲಿನ ದೂರಿಗೆ ಬರೋಣ. ಜಾಯ್ನರ್‌ನ ಹಲ್ಲುಗಳು ಲ್ಯಾಟರಲ್ಲಿನ ಬಾಯನ್ನು ಹಿಗ್ಗಿಸಿರುತ್ತವೆ. ಹಿಗ್ಗಿದ ಕೊಳವೆ ಕುಗ್ಗಲು ಹವಣಿಸುವ ಬಲವೇ ಅದರ ಹಿಡಿತ. ಆ ಬಲ ದಿನಕ್ಕಿಷ್ಟು ಕರಗುತ್ತದೆ. ಬಿಸಿ ಹೆಚ್ಚಿದಂತೆ ಸರಪಳಿಗಳ ಓಡಾಟ ಹೆಚ್ಚುವುದರಿಂದ ಬೇಸಿಗೆಯಲ್ಲಿ ಬಹಳ ಬೇಗ ಕರಗುತ್ತದೆ. ಕಪ್ಪು ಕೊಳವೆ ಬಿಸಿಲಿನಲ್ಲಿ ಎಷ್ಟು ಸುಡುತ್ತದೆಂಬುದನ್ನು ಮುಟ್ಟಿ ನೋಡಿದವರು ಬಲ್ಲರು. ಬಾಯಿ ಹಿಗ್ಗಿಸಲು ಬೆಂಕಿ ಹಿಡಿಯುವ ಪದ್ಧತಿಯನ್ನು ಕೂಡಲೇ ಬಿಡಬೇಕು. ಬೆಂಕಿಗೆ ಹರಳುಗಳು ಕರಗಿ, ಹಿಗ್ಗಿದ ಆಕಾರವೇ ಖಾಯಂ ಆಗುತ್ತದೆ; ಹಿಡಿತ ಹುಟ್ಟುವುದೇ ಇಲ್ಲ. ಬಿಸಿನೀರಿನಲ್ಲಿ ಅರೆಕ್ಷಣ ಅದ್ದಿ ಕೂಡಲೇ ಜೋಡಿಸಬೇಕು. ಕೊಳವೆಯನ್ನು ಹೊರಗಿನಿಂದಲೂ ಬಿಗಿಯುವ ಲಾಕ್ ಇರುವ ಜಾಯ್ನರ್ ಬಳಸಿದರೆ ಕೊಳವೆಯ ಹಿಡಿತವೊಂದನ್ನೇ ನೆಚ್ಚಿ ಕೂರಬೇಕಾಗಿಲ್ಲ.

ಲ್ಯಾಟರಲ್‌ಗಳನ್ನು ತಂತಿಯಂತೆ ಬಿಗಿದು ಎಳೆಯುವುದು ಇನ್ನೊಂದು ತಪ್ಪು. ಈ ಕೊಳವೆ ಪ್ರತಿ ಡಿಗ್ರಿ ಉಷ್ಣತೆಗೆ ಮೀಟರಿಗೆ ಸುಮಾರು 0.2 ಮಿ.ಮೀ. ಹಿಗ್ಗುತ್ತದೆ, ಕುಗ್ಗುತ್ತದೆ. 50 ಮೀಟರ್ ಉದ್ದದ ಕೊಳವೆಗೆ ಮಧ್ಯಾಹ್ನದಿಂದ ಬೆಳಗಿನ ಜಾವಕ್ಕೆ 30 ಡಿಗ್ರಿ ವ್ಯತ್ಯಾಸವಾದರೆ 300 ಮಿ.ಮೀ., ಅಂದರೆ ಹೆಚ್ಚುಕಡಿಮೆ ಒಂದು ಅಡಿ! ಮಧ್ಯಾಹ್ನ ಬಿಗಿದು ಹಾಸಿದ ಕೊಳವೆ ರಾತ್ರಿ ಜಾಯ್ನರ್‌ಗಳನ್ನೇ ಎಳೆಯುತ್ತದೆ. ಆದ್ದರಿಂದ ಬೆಳಗಿನ ತಂಪಿನಲ್ಲಿ ಹಾಸಿ, ಹಾವಿನ ನಡೆಯಂತೆ ತುಸು ಸೊಟ್ಟಗೆ ಬಿಡಬೇಕು. ಕೃಷಿ ಹೊಂಡದ ಹಾಳೆಗೂ ಇದೇ ಮಾತು ಅನ್ವಯಿಸುತ್ತದೆ. ಚಾಪೆ ಹಾಸಿದಂತೆ ಬಿಗಿಯದೆ ಸಡಿಲು ಬಿಡಬೇಕು, ಚೂಪು ಮಡಿಕೆ ಬೀಳದಂತೆ ನೋಡಿಕೊಳ್ಳಬೇಕು. ಕಾಲಾಂತರದಲ್ಲಿ ಬಿರುಕು ಹುಟ್ಟುವುದು ಮಡಿಕೆಯ ಗೆರೆಯಲ್ಲಿ.

ಸಡಿಲುವುದು ಯಾವಾಗಲೂ ದೋಷವೆಂದು ತಿಳಿಯಬಾರದು. ಸವದತ್ತಿಯ ಆಳವಾದ ಎರೆಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆ ಬಿದ್ದೊಡನೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ನೆಲದ ಈ ಎಳೆದಾಟದಲ್ಲಿ ಅಂಟು ಹಾಕಿ ಜೋಡಿಸಿದ ಪಿ.ವಿ.ಸಿ. ಕೊಳವೆ ಮಣಿಯಲಾರದೆ ಸಂದಿಯಲ್ಲಿ ಒಡೆಯುತ್ತದೆ. ಎಚ್.ಡಿ.ಪಿ.ಇ. ಕೊಳವೆ ನೆಲದೊಂದಿಗೆ ಬಾಗಿ, ಬಾಗಿದಲ್ಲೇ ತನ್ನೊಳಗಿನ ಎಳೆತವನ್ನು ಕರಗಿಸಿಕೊಳ್ಳುತ್ತದೆ. ಆಳ ಎರೆಯಲ್ಲಿ ಮುಖ್ಯ ಕೊಳವೆ ಹೂಳುವವರು ಇದನ್ನು ಆರಿಸುವುದು ಲೇಸು. ಪಿ.ವಿ.ಸಿ.ಯನ್ನೇ ಹಾಕುವುದಾದರೆ ರಬ್ಬರ್ ಉಂಗುರದ ಜೋಡಣೆಯಿರಲಿ; ಕಾಲುವೆಯ ತಳಕ್ಕೂ ಕೊಳವೆಯ ಸುತ್ತಲೂ ಎರೆಮಣ್ಣಿನ ಬದಲು ಮಸಾರಿ ಮಣ್ಣು ಅಥವಾ ಮರಳು ತುಂಬಿರಿ.

ಇಷ್ಟೆಲ್ಲ ಮಾಡಿದರೂ ಬಿಸಿಲಿನ ನೇರಳಾತೀತ ಕಿರಣಗಳು ಸರಪಳಿಗಳನ್ನು ಕತ್ತರಿಸುತ್ತಲೇ ಇರುತ್ತವೆ. ತುಂಡಾದ ಸರಪಳಿಗಳು ಸೂಡು ಸೂಡುಗಳನ್ನು ಸೇರಿಸಲಾರವು. ಆಗ ಕೊಳವೆ ಸಡಿಲುವುದೂ ಇಲ್ಲ, ಕಣಿಕೆಯಂತೆ ಲಟ್ಟನೆ ಮುರಿಯುತ್ತದೆ. ಕೊಳವೆಯಲ್ಲಿ ಸೇರಿಸುವ ನೂರಕ್ಕೆ ಎರಡೂವರೆಯಷ್ಟು ಕಾಡಿಗೆಯಂಥ ಕಪ್ಪು ಇಂಗಾಲ ಈ ಕಿರಣಗಳನ್ನು ತಡೆಯುತ್ತದೆ. ಲ್ಯಾಟರಲ್ ಕೊಳ್ಳುವಾಗ ಭಾರತೀಯ ಮಾನಕ 12786 ಅಥವಾ 13488ರ ಗುರುತನ್ನು ನೋಡಿ ತೆಗೆದುಕೊಳ್ಳಿರಿ. ಬೆಳೆ ಮುಗಿದ ಮೇಲೆ ಕೊಳವೆಗಳನ್ನು ಬಿಗಿಯಾಗಿ ಮಡಿಚಿ ಕಟ್ಟದೆ, ದೊಡ್ಡ ಸುರುಳಿಯಾಗಿ ಸುತ್ತಿ ನೆರಳಿನಲ್ಲಿ ಇಡಿರಿ. ಮೊದಲ ಬೇಸಿಗೆ ಕಳೆದೊಡನೆ ಎಲ್ಲ ಜಾಯ್ನರ್‌ಗಳನ್ನು ಒಮ್ಮೆ ಕೈಯಿಂದ ಎಳೆದು ಪರೀಕ್ಷಿಸಿ, ಸಡಿಲಾದ ಕಡೆ ಕೊಳವೆಯ ತುದಿಯನ್ನು ಎರಡು ಬೆರಳಿನಷ್ಟು ಕತ್ತರಿಸಿ ಹೊಸ ಬಾಯಿಗೆ ಜೋಡಿಸಿರಿ. ಒಮ್ಮೆ ಹಿಗ್ಗಿ ಸಡಿಲಿದ ಬಾಯಿಗೆ ಎಷ್ಟು ತಂತಿ ಸುತ್ತಿದರೂ ಹಳೆಯ ಹಿಡಿತ ಮರಳಿ ಬರುವುದಿಲ್ಲ.